ಬರೆಯುವುದನ್ನು ಬಿಟ್ಟ ಕ್ರೋನೋಗ್ರಾಫ್

ಪ್ರಪಂಚದ ಅತಿ ಹಳೆಯ ಕ್ರೋನೋಗ್ರಾಫ್ ಯಾವುದು ಎಂದು ಕೈಗಡಿಯಾರದ ಹುಚ್ಚು ಹಿಡಿದ ಯಾರನ್ನಾದರೂ ಕೇಳಿ ನೋಡಿ. ಗುಂಡಿ ಒತ್ತಿ ಓಡಿಸಿ ನಿಲ್ಲಿಸುವ ಯಾವುದೋ ಗಡಿಯಾರದ ಹೆಸರು ಹೇಳುತ್ತಾರೆ, ಉತ್ತರ ಹತ್ತೊಂಬತ್ತನೆಯ ಶತಮಾನಕ್ಕಿಂತ ಹಿಂದೆ ಹೋಗುವುದಿಲ್ಲ. ಇದೇ ಪ್ರಶ್ನೆಯನ್ನು ರೋಮ್ ಇತಿಹಾಸ ಓದಿದವರಿಗೆ ಹಾಕಿದರೆ ‘354ರ ಕ್ರೋನೋಗ್ರಾಫ್’ ಎನ್ನುತ್ತಾರೆ. ಅದಕ್ಕೆ ಮುಳ್ಳಿಲ್ಲ, ಚಕ್ರವಿಲ್ಲ, ಕೀಲಿಯಿಲ್ಲ. ಅದೊಂದು ಪುಸ್ತಕ.

ವ್ಯಾಲೆಂಟಿನಸ್ ಎಂಬ ಸಿರಿವಂತನಿಗಾಗಿ ಫಿಲೋಕಾಲಸ್ ಎಂಬ ಲಿಪಿಕಾರ ಮುದ್ದಾದ ಅಕ್ಷರಗಳಲ್ಲಿ ಬರೆದುಕೊಟ್ಟ ಪಂಚಾಂಗ ಅದು. ಹಬ್ಬಹರಿದಿನಗಳು, ಕಾನ್ಸಲರ ಪಟ್ಟಿ, ರೋಮಿನ ಬಿಷಪ್ಪರ ಪಟ್ಟಿ, ಹುತಾತ್ಮರನ್ನು ಮಣ್ಣುಮಾಡಿದ ದಿನಗಳು ಎಲ್ಲವೂ ಅದರಲ್ಲಿದ್ದವು. ಕ್ರಿಸ್ತ ಹುಟ್ಟಿದ್ದು ಡಿಸೆಂಬರ್ 25ರಂದು ಎನ್ನುವುದಕ್ಕೆ ಸಿಗುವ ಅತಿ ಹಳೆಯ ದಾಖಲೆಗಾಗಿ ಚರ್ಚಿನ ಇತಿಹಾಸಕಾರರು ಕೈಚಾಚುವುದೂ ಇದಕ್ಕೇ. ಕ್ರೋನೋಗ್ರಾಫ್ ಎಂಬ ಹೆಸರನ್ನು ಅದಕ್ಕೆ ಗಟ್ಟಿ ಮಾಡಿದವನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ಥಿಯೋಡೋರ್ ಮಾಮ್ಸೆನ್. ಪದ ಮಾತ್ರ ಅವನದಲ್ಲ. ಗ್ರೀಕಿನಲ್ಲಿ ಖ್ರೋನೋಸ್ ಎಂದರೆ ಕಾಲ, ಗ್ರಾಫೆಯಿನ್ ಎಂದರೆ ಬರೆಯುವುದು, ಅದಕ್ಕೂ ಹಿಂದೆ ಗೀರುವುದು. ವರ್ಷಗಳನ್ನು ಸಾಲಾಗಿ ಜೋಡಿಸಿ ಯಾವ ವರ್ಷ ಏನಾಯಿತೆಂದು ಬರೆದಿಡುವವನು ಖ್ರೋನೋಗ್ರಾಫೋಸ್. ಬೈಜಾಂಟಿಯಮ್ಮಿನ ಥಿಯೋಫನೀಸ್, ಮೈಕೆಲ್ ಪ್ಸೆಲ್ಲೋಸ್ ಮೊದಲಾದವರ ಇತಿಹಾಸ ಗ್ರಂಥಗಳಿಗೆ ‘ಖ್ರೋನೋಗ್ರಾಫಿಯಾ’ ಎಂದೇ ಹೆಸರು. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಭಾರತ ಯುದ್ಧದಿಂದ ಇಷ್ಟು ವರ್ಷ, ಶಕ 556 ಎಂದು ಎರಡೆರಡು ಲೆಕ್ಕ ಕೊಟ್ಟು ಪದ್ಯ ಕಟ್ಟಿದ ರವಿಕೀರ್ತಿಯನ್ನೂ ಗ್ರೀಕರು ಕಂಡಿದ್ದರೆ ಇದೇ ಹೆಸರಿನಿಂದ ಕರೆಯುತ್ತಿದ್ದರು.

ಶತಮಾನಗಳನ್ನು ಬರೆಯುತ್ತಿದ್ದ ಪದ ಸೆಕೆಂಡುಗಳ ಲೆಕ್ಕಕ್ಕೆ ಇಳಿದದ್ದು ಪ್ಯಾರಿಸ್ಸಿನ ಕುದುರೆ ಪಂದ್ಯದಲ್ಲಿ. 1821ರ ಸೆಪ್ಟೆಂಬರ್ 1ರಂದು ಶಾಂ ದ ಮಾರ್ಸ್ ಮೈದಾನದಲ್ಲಿ ನಿಕೊಲಾ ರಿಯೊಸೆಕ್ ಎಂಬ ಗಡಿಯಾರದ ಕಸುಬುದಾರ ಒಂದು ಮರದ ಪೆಟ್ಟಿಗೆಯನ್ನು ತಂದು ಇಟ್ಟುಕೊಂಡು ಕೂತ. ಒಳಗಿದ್ದದ್ದು ಗಡಿಯಾರದ ಯಂತ್ರವೇ. ಆದರೆ ಅದರಲ್ಲಿ ಮುಳ್ಳು ನಿಂತೇ ಇರುತ್ತಿತ್ತು, ಬಿಳಿಯ ಬಿಲ್ಲೆ ತಿರುಗುತ್ತಿತ್ತು. ಮುಳ್ಳಿನ ತುದಿಯಲ್ಲಿ ಶಾಯಿ ತುಂಬಿದ ಪುಟ್ಟ ಬಟ್ಟಲು. ಕುದುರೆ ಗೆರೆ ದಾಟಿದ ಕೂಡಲೇ ಗುಂಡಿ ಒತ್ತಿದರೆ ಮೊನೆ ಬಾಗಿ ಬಿಲ್ಲೆಗೆ ಒಂದು ಚುಕ್ಕೆ ಇಟ್ಟು ಮೇಲೇಳುತ್ತಿತ್ತು. ಎರಡನೆಯ ಕುದುರೆಗೆ ಇನ್ನೊಂದು ಚುಕ್ಕೆ, ಮೂರನೆಯದಕ್ಕೆ ಮತ್ತೊಂದು. ಪಂದ್ಯ ಮುಗಿದ ಮೇಲೆ ಪೆಟ್ಟಿಗೆ ತೆರೆದು ಸಾವಧಾನವಾಗಿ ಚುಕ್ಕೆಗಳನ್ನು ಓದಿಕೊಂಡರಾಯಿತು. ಜೂಜುಕೋರರ ತಕರಾರಿಗೆ ಶಾಯಿಯೇ ಸಾಕ್ಷಿ. ಇಂಥ ಯಂತ್ರವನ್ನು ಕಾಲ ಬರೆಯುವುದು ಎಂದು ಕರೆಯದೆ ಇನ್ನೇನೆಂದು ಕರೆಯಬೇಕು? ಪದಕ್ಕೂ ವಸ್ತುವಿಗೂ ಇಷ್ಟು ಹೊಂದಿಕೆ ಮುಂದೆ ಮತ್ತೆ ಕೂಡಿಬರಲಿಲ್ಲ.

ರಿಯೊಸೆಕ್‌ನ ಪೆಟ್ಟಿಗೆಯನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅದೇ ಅಕ್ಟೋಬರಿನಲ್ಲಿ ಪರಿಶೀಲಿಸಿತು. ವರದಿ ಕೊಟ್ಟ ಇಬ್ಬರಲ್ಲಿ ಒಬ್ಬ ಗಣಿತಜ್ಞ ಪ್ರೋನಿ, ಇನ್ನೊಬ್ಬ ಅಬ್ರಹಾಂ ಲೂಯಿ ಬ್ರೆಗೆ. ಈ ಎರಡನೆಯ ಹೆಸರನ್ನು ನೆನಪಿಟ್ಟುಕೊಳ್ಳಿ. ಬರೆಯುವಾಗ ಕೊನೆಗೆ ಒಂದು ‘ಟಿ’ ಇರುತ್ತದೆ, ಫ್ರೆಂಚರು ಅದನ್ನು ಉಚ್ಚರಿಸುವುದಿಲ್ಲ. ನಮ್ಮ ಬೆಲೆಬಾಳುವ ವಾಚಿನ ಅಂಗಡಿಗಳಲ್ಲಿ ‘ಬ್ರೆಗ್ಯೂಟ್’ ಎಂದು ಕೇಳಿಸಿದರೆ ಅದೂ ಇದೇ. 1747ರಲ್ಲಿ ನೂಶಾಟೆಲ್‌ನಲ್ಲಿ ಹುಟ್ಟಿ, 1775ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದು, ಮರಿ ಅಂತ್ವಾನೆತ್‌ಳಿಂದ ನೆಪೋಲಿಯನ್‌ವರೆಗೆ ಗಿರಾಕಿಗಳನ್ನು ಸಂಪಾದಿಸಿದ್ದ ಆತ ವರದಿ ಬರೆಯುವ ಹೊತ್ತಿಗೆ ಎಪ್ಪತ್ತು ದಾಟಿದ ಹಿರಿಯ. ಮರುವರ್ಷವೇ ಅವನ ಶಿಷ್ಯ ಫ್ಯಾಟನ್ ಲಂಡನ್ನಿನಲ್ಲಿ ಇನ್ನೊಂದು ಶಾಯಿ ಗಡಿಯಾರಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ಬಿಲ್ಲೆ ನಿಂತಿರುತ್ತಿತ್ತು, ಶಾಯಿ ಹೊತ್ತ ಮುಳ್ಳೇ ಸುತ್ತುತ್ತಿತ್ತು.

ಇಷ್ಟಕ್ಕೇ ಕತೆ ಸರಳವಾಗಿ ಮುಗಿಯಬೇಕಿತ್ತು. ಆದರೆ ಬ್ರೆಗೆಯ ಬಳಗದಲ್ಲೇ ಇದ್ದ ಲೂಯಿ ಮ್ವಾನೆ ಎಂಬಾತ 1816ರಲ್ಲೇ ಇದಕ್ಕಿಂತ ಜಾಣ ಯಂತ್ರವೊಂದನ್ನು ಮಾಡಿ ಮುಗಿಸಿದ್ದ. ನಕ್ಷತ್ರ ನೋಡುವಾಗ ಬೇಕೆಂದು ಮಾಡಿಕೊಂಡದ್ದು. ಗಂಟೆಗೆ 2,16,000 ಮಿಡಿತ, ಸೆಕೆಂಡಿನ ಅರವತ್ತನೇ ಒಂದು ಭಾಗ ಓದಬಹುದು, ಗುಂಡಿ ಒತ್ತಿದರೆ ಮುಳ್ಳು ಸೊನ್ನೆಗೆ ಮರಳುತ್ತದೆ. ಇಂದು ನಾವು ಕ್ರೋನೋಗ್ರಾಫ್ ಎನ್ನುವುದಕ್ಕೆ ಇರಬೇಕಾದ ಎಲ್ಲ ಲಕ್ಷಣವೂ ಅದಕ್ಕಿದೆ. ಇಲ್ಲದ್ದು ಶಾಯಿ ಮತ್ತು ಆ ಹೆಸರು. ಮ್ವಾನೆ ಅದನ್ನು ಕರೆದದ್ದು ‘ಮೂರನೆಯವುಗಳ ಎಣಿಕೆ’ ಎಂದು. ಗಂಟೆಯನ್ನು ಅರವತ್ತಾಗಿ ಒಡೆದರೆ ಮಿನಿಟ್ಟು, ಅದನ್ನು ಎರಡನೆಯ ಬಾರಿ ಒಡೆದರೆ ಸೆಕೆಂಡು, ಮೂರನೆಯ ಬಾರಿ ಒಡೆದರೆ ‘ಮೂರನೆಯದು’. ಗಳಿಗೆಯನ್ನು ಅರವತ್ತಾಗಿ ಒಡೆದು ವಿಗಳಿಗೆ ಎಂದ ನಮ್ಮ ಜೋಯಿಸರಿಗೆ ಈ ಲೆಕ್ಕ ಹೊಸತೆನಿಸದು. ಮ್ವಾನೆಯ ಯಂತ್ರ 2012ರಲ್ಲಿ ಹರಾಜಿಗೆ ಬರುವವರೆಗೂ ಲೋಕಕ್ಕೆ ಅದರ ಸುಳಿವಿರಲಿಲ್ಲ. ಬರೆಯದ ಯಂತ್ರ ಮೊದಲು ಹುಟ್ಟಿ ಹೆಸರಿಲ್ಲದೆ ಉಳಿಯಿತು, ಬರೆಯುವ ಯಂತ್ರ ಐದು ವರ್ಷ ತಡವಾಗಿ ಬಂದು ಹೆಸರು ಹೊಡೆದುಕೊಂಡಿತು.

ನಿಜವಾಗಿ ಬರೆಯುವ ಕ್ರೋನೋಗ್ರಾಫುಗಳು ಆಮೇಲೆ ವಿಜ್ಞಾನಿಗಳ ಮನೆ ಸೇರಿದವು. ಖಗೋಳ ವೀಕ್ಷಣಾಲಯಗಳಲ್ಲಿ ಕಾಗದ ಸುತ್ತಿದ ಉರುಳೆ, ಅದರ ಮೇಲೆ ವಿದ್ಯುತ್ತಿನಿಂದ ಮಿಸುಕುವ ಲೇಖನಿ. ದೂರದರ್ಶಕದ ತಂತಿಗೆರೆಯನ್ನು ನಕ್ಷತ್ರ ದಾಟಿದಾಗ ಕೀಲಿ ಒತ್ತಿದರೆ ಗೆರೆಯಲ್ಲಿ ಒಂದು ಗಂಟು ಮೂಡುತ್ತಿತ್ತು. 1870ರ ದಶಕದಲ್ಲಿ ಭಾರತದ ಸರ್ವೆಯವರು ಟೆಲಿಗ್ರಾಫ್ ತಂತಿಯ ಮೂಲಕ ಊರೂರಿನ ರೇಖಾಂಶ ಗೊತ್ತುಮಾಡಿದ್ದು ಇಂಥ ಉರುಳೆಗಳ ಬಲದಿಂದಲೇ. ಬೆಂಗಳೂರೂ ಆ ಠಾಣೆಗಳಲ್ಲಿ ಒಂದಾಗಿತ್ತು. ಬೆಲ್ಜಿಯಮ್ಮಿನ ಸೇನಾಧಿಕಾರಿ ಲೆ ಬೂಲಾಂಜೆ ಫಿರಂಗಿ ಗುಂಡಿನ ವೇಗ ಅಳೆಯಲು ಮಾಡಿದ್ದೂ ಕ್ರೋನೋಗ್ರಾಫೇ. ಗುರಿಕಾರರು ಗುಂಡಿನ ವೇಗ ಅಳೆಯುವ ಸಾಧನವನ್ನು ಇವತ್ತಿಗೂ ಹಾಗೇ ಕರೆಯುತ್ತಾರೆ.

ಜೇಬಿಗೆ ಹೋದ ಕವಲಿನ ಕತೆ ಬೇರೆ. ಅಲ್ಲಿ ಶಾಯಿ ಉಪದ್ರವದ ವಸ್ತು. ಒಣಗುತ್ತದೆ, ಸೋರುತ್ತದೆ, ಪ್ರತಿಸಲ ಬಿಲ್ಲೆ ಒರೆಸಬೇಕು. ಅದಕ್ಕೆ ಕೊನೆ ಹಾಡಿದ್ದು 1844ರಲ್ಲಿ ಅಡಾಲ್ಫ್ ನಿಕೋಲ್ ಪೇಟೆಂಟ್ ಪಡೆದ ಒಂದು ಚೂರು ಲೋಹ. ಹೃದಯದ ಆಕಾರದ ಆ ಬಿಲ್ಲೆ ಸೆಕೆಂಡಿನ ಮುಳ್ಳಿನ ಅಚ್ಚಿಗೇ ಕೂತಿರುತ್ತದೆ. ಗುಂಡಿ ಒತ್ತಿದಾಗ ಸಣ್ಣದೊಂದು ಸುತ್ತಿಗೆ ಅದರ ಅಂಚಿಗೆ ಬಡಿಯುತ್ತದೆ. ಬಿಲ್ಲೆ ಆ ಹೊತ್ತಿಗೆ ಯಾವ ಕಡೆ ತಿರುಗಿದ್ದರೂ ಸುತ್ತಿಗೆಯ ಒತ್ತಡಕ್ಕೆ ಜಾರಿ ಜಾರಿ ಕೊನೆಗೆ ಹೃದಯದ ತಗ್ಗು ಸುತ್ತಿಗೆಯ ಮುಖಕ್ಕೆ ಬಂದು ನಿಲ್ಲಲೇಬೇಕು. ಹತ್ತಿರದ ದಾರಿ ಎಡಕ್ಕಿದ್ದರೆ ಎಡಕ್ಕೆ, ಬಲಕ್ಕಿದ್ದರೆ ಬಲಕ್ಕೆ. ಆ ತಗ್ಗೇ ಸೊನ್ನೆ. ಹಿಂಬದಿಗೆ ಗಾಜು ಹಾಕಿದ ವಾಚು ಸಿಕ್ಕರೆ ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿ, ಇಷ್ಟು ದೊಡ್ಡ ಕೆಲಸವನ್ನು ಇಷ್ಟು ಕಡಿಮೆ ಗಲಾಟೆಯಲ್ಲಿ ಮುಗಿಸುವ ಭಾಗ ಗಡಿಯಾರದಲ್ಲಿ ಇನ್ನೊಂದಿಲ್ಲ.

ಅಂದರೆ ಬರೆಯುವ ಯಂತ್ರ ಅಳಿಸುವ ಯಂತ್ರವಾಯಿತು. ಗುರುತು ಬಿಡುವುದು ಹೋಗಿ ಗುರುತು ಉಳಿಯದಂತೆ ಮಾಡುವುದೇ ಹೆಚ್ಚುಗಾರಿಕೆಯಾಯಿತು. ನ್ಯಾಯವಾಗಿ ಹೆಸರೂ ಬದಲಾಗಬೇಕಿತ್ತು. ‘ಕ್ರೋನೋಸ್ಕೋಪ್’ ಎನ್ನಿ, ಕಾಲವನ್ನು ಬರೆಯುವುದಿಲ್ಲ, ತೋರಿಸುತ್ತದೆ ಅಷ್ಟೇ ಎಂದು ವಾದಿಸಿದವರೂ ಇದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭಾಷೆಗೆ ಈ ಬಗೆಯ ತಿದ್ದುಪಡಿ ಹಿಡಿಸುವುದಿಲ್ಲ. ನಮ್ಮ ‘ಗಡಿಯಾರ’ವನ್ನೇ ನೋಡಿ. ಅದರ ಬುಡದಲ್ಲಿರುವುದು ಘಟಿ, ಎಂದರೆ ನೀರಿನಲ್ಲಿ ತೇಲಿಬಿಟ್ಟ ತೂತಿನ ಬಟ್ಟಲು. ಬಟ್ಟಲು ಮುಳುಗಲು ಹಿಡಿಯುವ 24 ನಿಮಿಷ ಒಂದು ಗಳಿಗೆ. ಬಟ್ಟಲು ಹೋಗಿ ಎಷ್ಟೋ ಕಾಲವಾಯಿತು, ಗಡಿಯಾರ ಗೋಡೆಯ ಮೇಲಿದೆ.

ಈಗ ಬ್ರೆಗೆಯ ವಂಶಕ್ಕೆ ಬರೋಣ. ಅಬ್ರಹಾಂ ಲೂಯಿ 1823ರಲ್ಲಿ ತೀರಿಕೊಂಡ. ಮೊಮ್ಮಗ ಲೂಯಿ ಕ್ಲೆಮಾಂಗೆ ಗಡಿಯಾರಕ್ಕಿಂತ ವಿದ್ಯುತ್ತಿನ ಮೇಲೆ ಮೋಹ. ಟೆಲಿಗ್ರಾಫ್ ಉಪಕರಣಗಳಲ್ಲಿ ಹೆಸರು ಮಾಡಿದ ಆತ 1870ರಲ್ಲಿ ಗಡಿಯಾರದ ವ್ಯಾಪಾರವನ್ನು ತನ್ನದೇ ಕಾರ್ಖಾನೆಯ ಮೇಲ್ವಿಚಾರಕ ಎಡ್ವರ್ಡ್ ಬ್ರೌನ್ ಎಂಬ ಇಂಗ್ಲಿಷಿನವನಿಗೆ ಮಾರಿಬಿಟ್ಟ. ಅಂಗಡಿಯ ಜೊತೆ ಹೆಸರಿನ ಹಲಗೆಯೂ ಹೋಯಿತು. ಬ್ರೌನ್ ಮನೆತನ ನೂರು ವರ್ಷ ಅದನ್ನು ನಡೆಸಿತು. ಇತ್ತ ಲೂಯಿ ಕ್ಲೆಮಾಂನ ಮೊಮ್ಮಗ ಲೂಯಿ ಶಾರ್ಲ್ ಬ್ರೆಗೆ, ಅಂದರೆ ಮೂಲಪುರುಷನ ಮೊಮ್ಮಗನ ಮೊಮ್ಮಗ, ಆಕಾಶಕ್ಕೆ ಕೈಹಾಕಿದ. 1907ರಲ್ಲಿ ಅವನು ಮತ್ತವನ ಜೊತೆಗಾರರು ಕಟ್ಟಿದ ‘ಜೈರೋಪ್ಲೇನ್’ ಎಂಬ ನಾಲ್ಕು ರೆಕ್ಕೆಚಕ್ರಗಳ ಯಂತ್ರ ಮನುಷ್ಯನನ್ನು ಹೊತ್ತು ನೆಲದಿಂದ ಎರಡಡಿ ಎದ್ದಿತು. ಅದು ಓಲಾಡದಂತೆ ನಾಲ್ಕು ಮಂದಿ ನಾಲ್ಕು ಮೂಲೆ ಹಿಡಿದುಕೊಂಡಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕು. 1911ರಲ್ಲಿ ವಿಮಾನ ಕಂಪನಿ, ಮೊದಲ ಮಹಾಯುದ್ಧದಲ್ಲಿ ಬ್ರೆಗೆ 14 ಬಾಂಬರ್. 1930ರ ಸೆಪ್ಟೆಂಬರಿನಲ್ಲಿ ಕೋಸ್ತ್ ಮತ್ತು ಬೆಲೋಂತ್ ಎಂಬ ಇಬ್ಬರು ‘ಪ್ರಶ್ನಾರ್ಥಕ ಚಿಹ್ನೆ’ ಎಂಬ ಹೆಸರಿನ ಬ್ರೆಗೆ ವಿಮಾನದಲ್ಲಿ ಪ್ಯಾರಿಸ್ಸಿನಿಂದ ನ್ಯೂಯಾರ್ಕಿಗೆ ಎಲ್ಲೂ ಇಳಿಯದೆ ಹಾರಿದರು. ಲಿಂಡ್‌ಬರ್ಗ್ ಮೊದಲು ನ್ಯೂಯಾರ್ಕಿನಿಂದ ಹಾರಿ ಬಂದ ದಾರಿಗೆ ಎದುರು ದಿಕ್ಕು, ಗಾಳಿಯೂ ಎದುರು.

ಗಡಿಯಾರದವರ ಮನೆಯಿಂದ ವಿಮಾನದವನು ಹುಟ್ಟಿದ್ದು ನಮ್ಮ ಕಿವಿಗೆ ಅಷ್ಟೇನೂ ವಿಚಿತ್ರವಲ್ಲ. ವಿಮಾನ ಎಂಬ ಪದದ ಒಳಗೂ ಮಾನ ಇದೆ, ಅಳತೆ ಇದೆ. ಗುಡಿಯ ಶಿಖರಕ್ಕೆ ವಿಮಾನ ಎನ್ನುವ ಶಿಲ್ಪಿಗೂ ಮೊದಲ ಕೆಲಸ ಅಳೆಯುವುದೇ.

ಕರ್ನಾಟಕಕ್ಕೆ ಬ್ರೆಗೆಯ ಹೆಸರು ಕೈಗಡಿಯಾರವಾಗಿ ಬರುವ ಮೊದಲೇ ಸೂತ್ರವಾಗಿ ಬಂದಿದೆ. ಇಷ್ಟು ಇಂಧನದಲ್ಲಿ ವಿಮಾನ ಎಷ್ಟು ದೂರ ಹೋದೀತು ಎಂದು ಲೆಕ್ಕ ಹಾಕುವ ‘ಬ್ರೆಗೆ ಸಮೀಕರಣ’ ವೈಮಾನಿಕ ಎಂಜಿನಿಯರಿಂಗ್ ಓದುವವರೆಲ್ಲ ಬರೆದು ಅಭ್ಯಾಸ ಮಾಡುವಂಥದ್ದು. ನಮ್ಮ ನೌಕಾಪಡೆಯ ಹಳೆಯ ವಿಕ್ರಾಂತ್ ಹಡಗಿನ ಮೇಲಿಂದ ಹಾರಿದ ಆಲಿಝೆ ಜಲಾಂತರ್ಗಾಮಿ ಬೇಟೆ ವಿಮಾನ ಬ್ರೆಗೆ ಕಂಪನಿಯದು. ಎಚ್‌ಎಎಲ್ ಬೆಂಗಳೂರಿನಲ್ಲಿ ಪರವಾನಗಿ ಪಡೆದು ಕಟ್ಟಿದ ಜಾಗ್ವಾರ್ ಯುದ್ಧವಿಮಾನದ ಮೂಲ ವಿನ್ಯಾಸವೂ ಬ್ರೆಗೆ 121. ಫ್ರಾನ್ಸ್, ಬ್ರಿಟನ್ ಎರಡೂ ಜಾಗ್ವಾರನ್ನು ಯಾವಾಗಲೋ ನಿವೃತ್ತಿಗೊಳಿಸಿದವು, ನಮ್ಮ ವಾಯುಪಡೆ ಇನ್ನೂ ಹಾರಿಸುತ್ತಿದೆ. ಬ್ರೆಗೆ ವಿಮಾನ ಕಂಪನಿ ಮಾತ್ರ 1971ರಲ್ಲಿ ದಾಸೊ ಜೊತೆ ವಿಲೀನವಾಯಿತು.

ಬೀಳ್ಕೊಂಡಿದ್ದ ಗಡಿಯಾರ, ವಿಮಾನ ಎಂಬ ಎರಡು ಕವಲು, ಹೆಸರಿನ ಮಟ್ಟಿಗಾದರೂ, ಮತ್ತೆ ಸೇರಿದ್ದು ‘ಟೈಪ್ 20’ ಎಂಬ ಸರ್ಕಾರಿ ಷರತ್ತುಪಟ್ಟಿಯಲ್ಲಿ. ಎರಡನೆಯ ಮಹಾಯುದ್ಧದ ಬಳಿಕ, 1950ರ ದಶಕದ ಆರಂಭದಲ್ಲಿ, ಫ್ರೆಂಚ್ ಸೇನೆ ತನ್ನ ಪೈಲಟ್‌ಗಳಿಗೆ ಎಂಥ ಕೈಗಡಿಯಾರ ಬೇಕೆಂದು ಒಂದೊಂದಾಗಿ ಬರೆದುಕೊಟ್ಟಿತು. ಕಪ್ಪು ಮುಖ, ಕತ್ತಲಲ್ಲಿ ಹೊಳೆಯುವ ಅಂಕಿ, ದಿನಕ್ಕೆ 8 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು, ಒಮ್ಮೆ ಕೀಲಿ ಕೊಟ್ಟರೆ 35 ಗಂಟೆಗೂ ಮೀರಿ ಓಡಬೇಕು. ಮತ್ತೆ, ಗುಂಡಿಯ ಕೆಲಸ 300 ಸಲ ಕೈಕೊಡದೆ ನಡೆಯಬೇಕು. ನನಗೆ ಈ 300 ಬಹಳ ಇಷ್ಟ. ಟೆಂಡರ್ ಬರೆಯುವ ಗುಮಾಸ್ತನ ಅಪನಂಬಿಕೆಗೆ ಒಂದು ಅಂಕಿ ಕೊಟ್ಟ ಹಾಗಿದೆ.

ಇವೆಲ್ಲಕ್ಕಿಂತ ಮುಖ್ಯವಾದ ಷರತ್ತು ಒಂದಿತ್ತು. ಫ್ರೆಂಚಿನಲ್ಲಿ ಅದನ್ನು ‘ರತೂರ್ ಆಂ ವೋಲ್’ ಎನ್ನುತ್ತಾರೆ, ಹಾರುತ್ತಲೇ ಮರಳುವುದು. ಇಂಗ್ಲಿಷಿನ ‘ಫ್ಲೈಬ್ಯಾಕ್’ ಕೂಡ ಅದೇ. ಇಲ್ಲಿ ಹಾರುವುದು ಮುಳ್ಳು, ವಿಮಾನವಲ್ಲ. ಮುಳ್ಳು ಓಡುತ್ತಿರುವಾಗಲೇ ತಟ್ಟನೆ ಸೊನ್ನೆಗೆ ಹಾರಿ ಬಂದು, ನಿಲ್ಲದೆ ಮತ್ತೆ ಓಡತೊಡಗುತ್ತದೆ. ಸಾಮಾನ್ಯ ಕ್ರೋನೋಗ್ರಾಫಿನಲ್ಲಿ ಇದಕ್ಕೆ ಮೂರು ಸಲ ಒತ್ತಬೇಕು, ನಿಲ್ಲಿಸಲು ಒಮ್ಮೆ, ಸೊನ್ನೆಗೆ ತರಲು ಒಮ್ಮೆ, ಮತ್ತೆ ಓಡಿಸಲು ಒಮ್ಮೆ. ಫ್ಲೈಬ್ಯಾಕಿನಲ್ಲಿ ಒಂದೇ ಒತ್ತು.

ಆಗ ಉಪಗ್ರಹದ ನೆರವಿಲ್ಲ. ಮೋಡದ ನಡುವೆ ಇರುವ ಪೈಲಟ್ ತಾನೆಲ್ಲಿದ್ದೇನೆ ಎಂದು ತಿಳಿಯುವುದು ಮೂರು ಸಂಗತಿಯಿಂದ: ಯಾವ ದಿಕ್ಕು, ಎಷ್ಟು ವೇಗ, ಎಷ್ಟು ಹೊತ್ತು. ಗಂಟೆಗೆ 360 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ನಾಲ್ಕು ನಿಮಿಷವಾದ ಮೇಲೆ ಬಲಕ್ಕೆ, ಆಮೇಲೆ ಆರು ನಿಮಿಷ ನೇರ ಎಂದು ನಕಾಶೆ ಹೇಳುತ್ತದೆ ಅನ್ನಿ. ತಿರುಗುವ ಕ್ಷಣದಲ್ಲಿ ಹಳೆಯ ಲೆಕ್ಕ ಮುಗಿದು ಹೊಸದು ಶುರುವಾಗಬೇಕು. ಕೈಗೆ ಚಕ್ಕಳದ ಗವಸು, ಇನ್ನೊಂದು ಕೈಯಲ್ಲಿ ಹಿಡಿಕೋಲು. ಮೂರು ಸಲ ಗುಂಡಿ ಹುಡುಕುವಷ್ಟರಲ್ಲಿ ಎರಡು ಮೂರು ಸೆಕೆಂಡು ಕಳೆದರೆ, ಸೆಕೆಂಡಿಗೆ 100 ಮೀಟರಿನಂತೆ ಪ್ರತಿ ತಿರುವಿನಲ್ಲೂ ಇನ್ನೂರು ಮುನ್ನೂರು ಮೀಟರ್ ತಪ್ಪು. ಹತ್ತು ತಿರುವಿಗೆ ಎರಡು ಮೂರು ಕಿಲೋಮೀಟರ್, ರಾತ್ರಿ ಹೊತ್ತು ಸಣ್ಣ ವಿಮಾನನಿಲ್ದಾಣವನ್ನು ಕಾಣದೆ ದಾಟಿಹೋಗಲು ಅಷ್ಟು ಸಾಕು. ಹಿಂದಿನ ಲೆಕ್ಕ ಎಷ್ಟಾಗಿತ್ತು ಎಂಬುದು ಪೈಲಟ್‌ಗೆ ಬೇಡ. ಕುದುರೆ ಪಂದ್ಯದವರಿಗೆ ಪುರಾವೆ ಬೇಕಿತ್ತು, ಪೈಲಟ್‌ಗೆ ಬೇಕಾದದ್ದು ಪುರಾವೆಯನ್ನು ಎಷ್ಟು ಬೇಗ ಒರೆಸಿಹಾಕಬಹುದು ಎಂಬುದು. ಬರೆಯದ ಕ್ರೋನೋಗ್ರಾಫ್ ತನಗೆ ತಕ್ಕ ಕಸುಬು ಕಂಡುಕೊಂಡದ್ದು ಆಕಾಶದಲ್ಲೇ.

ಷರತ್ತಿಗೆ ತಕ್ಕಂತೆ ಮಾಡಿಕೊಟ್ಟವರು ಹಲವರು. ಡೊಡಾನ್, ಓರಿಕೋಸ್ತ್, ವಿಕ್ಸಾ, ಏರಾಂ ಇವರೆಲ್ಲರ ಟೈಪ್ 20 ಈಗ ಸಂಗ್ರಾಹಕರ ಕಪಾಟಿನಲ್ಲಿವೆ. ಬ್ರೆಗೆಯಿಂದ ವಾಯುಸೇನೆ ಸುಮಾರು 1100 ಕೊಂಡಿತು, ನೌಕಾಪಡೆಯ ವಿಮಾನ ದಳ 500. ನೌಕಾಪಡೆಯ ಕಂತು ತಲುಪಿದ್ದು 1960ರಲ್ಲಿ. ಅದೇ ಸುಮಾರಿಗೆ ಆ ದಳಕ್ಕೆ ಆಲಿಝೆ ವಿಮಾನಗಳೂ ಬಂದಿದ್ದರಿಂದ ಕೂತದ್ದೂ ಬ್ರೆಗೆ, ಕೈಗೆ ಕಟ್ಟಿದ್ದೂ ಬ್ರೆಗೆ ಎನ್ನಬಹುದಾದ ಪೈಲಟ್‌ಗಳು ಫ್ರಾನ್ಸಿನಲ್ಲಿ ಇದ್ದಿರಲೇಬೇಕು. ಹೆಸರಿನಲ್ಲೂ ಒಂದು ಸೂಕ್ಷ್ಮವಿದೆ. ವಾಯುಸೇನೆಯದು ಅರಬ್ಬಿ ಅಂಕಿಯ ‘ಟೈಪ್ 20’. ನಾಗರಿಕರಿಗೆ ಮಾರಿದ್ದು, ನೌಕಾಪಡೆಗೆ ಕೊಟ್ಟದ್ದು ರೋಮನ್ ಅಂಕಿಯ ‘ಟೈಪ್ XX’. ಬೆಲೆ ಏರುವ ಲಕ್ಷಣ ಆ ರೋಮನ್ ಅಂಕಿಯಲ್ಲೇ ಇತ್ತೇನೋ.

ಈಗ ‘ವೈಮಾನಿಕ ಪರಂಪರೆ’ ಎಂಬ ಮಾತಿನ ಲೆಕ್ಕ ಸ್ವಲ್ಪ ಬಿಡಿಸಬೇಕು, ಯಾಕೆಂದರೆ ವಾಚಿನ ಜಾಹೀರಾತುಗಳಲ್ಲಿ ಇದಕ್ಕಿಂತ ಧಾರಾಳವಾಗಿ ಖರ್ಚಾಗುವ ಪದ ಇನ್ನೊಂದಿಲ್ಲ. ವಿಮಾನ ಕಟ್ಟಿದ ಲೂಯಿ ಶಾರ್ಲ್ ಹುಟ್ಟಿದ್ದು 1880ರಲ್ಲಿ. ಗಡಿಯಾರದ ಕಂಪನಿ ಆ ಮನೆತನದ ಕೈಬಿಟ್ಟು ಆಗಲೇ ಹತ್ತು ವರ್ಷವಾಗಿತ್ತು. ರಕ್ತ ಒಂದು ಕಡೆ ಹೋಯಿತು, ಹಲಗೆ ಇನ್ನೊಂದು ಕಡೆ. ಟೈಪ್ 20 ಬರುವ ಕಾಲಕ್ಕೆ ಹಲಗೆ ಬ್ರೌನರದು, ವಾಚು ತಯಾರಾಗಿ ಬರುತ್ತಿದ್ದದ್ದು ಸ್ವಿಟ್ಜರ್ಲೆಂಡಿನ ಮ್ಯಾಥೆ ಟಿಸೊ ಕಾರ್ಖಾನೆಯಿಂದ, ಒಳಗಿನ ಯಂತ್ರ ವಾಲ್‌ಜೂ ಎಂಬ ಮೂರನೆಯವರದು. ಆಮೇಲೆ ಹಲಗೆ ಶೋಮೆ ಎಂಬ ಒಡವೆ ವ್ಯಾಪಾರಿಗಳ ಪಾಲಾಗಿ, ಹೂಡಿಕೆದಾರರ ಕೈದಾಟಿ, 1999ರಿಂದ ಸ್ವಾಚ್ ಸಮೂಹದಲ್ಲಿದೆ. ಇದನ್ನು ಪರಂಪರೆ ಎನ್ನುವುದಕ್ಕಿಂತ ದತ್ತು ಎನ್ನುವುದು ಸರಿ. ದತ್ತು ಹೋದವರೂ ಮನೆತನದ ಹೆಸರು ಉಳಿಸುವುದುಂಟು, ಅದರಲ್ಲಿ ಕೊಂಕಿಲ್ಲ. ಸೇನೆಯ 300 ಒತ್ತಿನ ಪರೀಕ್ಷೆ ಪಾಸಾದದ್ದು ಸುಳ್ಳಲ್ಲ. 1995ರಲ್ಲಿ ಮತ್ತೆ ಬಂದ ಟೈಪ್ XX ಆಗಲಿ, 2023ರ ಹೊಸ ಪೀಳಿಗೆಯಾಗಲಿ ಮಾಡಿಕೊಂಡಿರುವ ಕೆಲಸ ಅಚ್ಚುಕಟ್ಟು. ಹತ್ತು ಲಕ್ಷ ರೂಪಾಯಿಗೂ ಮೀರಿದ ಬೆಲೆ ಕೊಟ್ಟು ಕೊಳ್ಳುವವನು ಒಂದನ್ನು ಮಾತ್ರ ಮರೆಯಬಾರದು: ಸೇನೆ ಇದನ್ನು ಕೊಂಡದ್ದು ಸಾಮಾನು ಅಂತ, ನಾವು ಕೊಳ್ಳುವುದು ಒಡವೆ ಅಂತ.

ಅಂಗಡಿಯಲ್ಲಿ ಪದ ಇನ್ನೊಂದು ಬಗೆಯಲ್ಲೂ ಜಾರುತ್ತದೆ. ಕ್ರೋನೋಗ್ರಾಫ್, ಕ್ರೋನೋಮೀಟರ್ ಎರಡೂ ಒಂದೇ ಎಂದು ಮಾರುವವರೇ ಹೇಳುವುದನ್ನು ಕೇಳಿದ್ದೇನೆ. ಕ್ರೋನೋಮೀಟರ್ ಎಂದರೆ ಸಮಯ ಸರಿಯಾಗಿ ಕಾಯುವ ಗಡಿಯಾರ. ಸ್ವಿಸ್ ಪರೀಕ್ಷಾ ಸಂಸ್ಥೆ 15 ದಿನ, ಐದು ಭಂಗಿ, ಮೂರು ಉಷ್ಣತೆಗಳಲ್ಲಿ ಇಟ್ಟು ನೋಡಿ, ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಎಂಬ ಮಿತಿ ದಾಟದಿದ್ದರೆ ಆ ಪದವಿ ಕೊಡುತ್ತದೆ. ಕ್ರೋನೋಗ್ರಾಫಿಗೆ ಪದವಿ ಬೇಡ, ನಿಲ್ಲಿಸಿ ಓಡಿಸುವ ಗುಂಡಿ ಇದ್ದರೆ ಆಯಿತು. ಮೆಜೆಸ್ಟಿಕ್ಕಿನ ಫುಟ್‌ಪಾತಿಗೆ ಇಳಿದಾಗ ಅದೂ ಬೇಡವಾಗಿದೆ. ಅಲ್ಲಿ ‘ಕ್ರೋನೋ’ ಎಂದರೆ ಮುಖದಲ್ಲಿ ಮೂರು ಚಿಕ್ಕ ಬಿಲ್ಲೆ ಇರುವ ದಪ್ಪ ವಾಚು. ಅಗ್ಗದ ಮಾಲಿನಲ್ಲಿ ಆ ಬಿಲ್ಲೆಗಳ ಮುಳ್ಳು ಬರೀ ಅಂಟಿಸಿದ್ದು, ಪಕ್ಕದ ಗುಂಡಿ ಒತ್ತಿದರೆ ಒಳಗೆ ಏನೂ ಅಲುಗುವುದಿಲ್ಲ. ಅದಕ್ಕಿಂತ ನಮ್ಮ ಎಚ್‌ಎಂಟಿ ಪೈಲಟ್ ಪ್ರಾಮಾಣಿಕ. ಹೆಸರಲ್ಲಿ ವಿಮಾನ ಹಾರಿಸಿದರೂ ಕಪ್ಪು ಮುಖದಲ್ಲಿ ಮೂರೇ ಮುಳ್ಳು, ಮೂರೂ ಓಡುತ್ತಿದ್ದವು.

ಇಂದು ಕಾಲವನ್ನು ನಿಜವಾಗಿ ಬರೆದಿಡುವುದು ಫೋನಿನ ಸ್ಟಾಪ್‌ವಾಚ್. ಶಾಲೆಯ ಓಟದ ಪಂದ್ಯದಲ್ಲಿ ಪಿ.ಟಿ. ಮೇಷ್ಟರು ‘ಲ್ಯಾಪ್’ ಒತ್ತಿದಂತೆಲ್ಲ ಒಂದೊಂದು ಸಾಲು ಕೆಳಗೆ ಸೇರುತ್ತದೆ, ಒಂದನೆಯವನು, ಎರಡನೆಯವನು, ಮೂರನೆಯವನು. ರಿಯೊಸೆಕ್ ಮಾಡಿದ್ದು ಥೇಟ್ ಇದನ್ನೇ. ಫೋನಿನಲ್ಲಿ ಅದಕ್ಕೆ ಕ್ರೋನೋಗ್ರಾಫ್ ಎಂದು ಯಾರೂ ಹೆಸರಿಟ್ಟಿಲ್ಲ.

ಪದದ ತವರಾದ ಗ್ರೀಸಿನಲ್ಲಿ ಕೈಗಡಿಯಾರದ ಈ ಗಲಾಟೆಗೆ ಸೇರದ ಅರ್ಥವೊಂದು ಪತ್ರಿಕೆಗಳಲ್ಲಿ ಬೇರು ಬಿಟ್ಟಿದೆ. ಅಲ್ಲಿ ‘ಖ್ರೋನೋಗ್ರಾಫಿಮಾ’ ಎಂದರೆ ದಿನಪತ್ರಿಕೆಯಲ್ಲಿ ಬರುವ ಲಘು ಅಂಕಣ, ‘ಖ್ರೋನೋಗ್ರಾಫೋಸ್’ ಎಂದರೆ ಅದನ್ನು ಬರೆಯುವ ಅಂಕಣಕಾರ. ಸಂಪಾದಕರ ಗಡುವಿಗೆ ಅವನೂ ಗಡಿಯಾರ ನೋಡುತ್ತಲೇ ಬರೆಯುತ್ತಾನೆ, ಅದು ಯಾವ ಕಂಪನಿಯದಾದರೂ ಆದೀತು.